ವಾಸನೆ ಬಂತಾ, ಆಲ್ದೋನಾ?

ತಣ್ಣಗಿದೆ, ಅಷ್ಟೇ, ಮೇಲ್ದುಟಿಗೆ ತಾಗಿದ ಗಾಜಿನ ಅಂಚು ತಣ್ಣಗಿದೆ, ಚಳಿಗಾಲದ ಬೆಳಗ್ಗೆ ನಲ್ಲಿಗೆ ಬಾಯಿಟ್ಟ ಹಾಗೆ, ಅದರಾಚೆಗೆ ಏನೂ ಇಲ್ಲ — ಆಲ್ದೋನಾ ಇನ್ನೊಮ್ಮೆ ಉಸಿರೆಳೆದಳು, ಬೆನ್ನಿಗೆ ಯಂತ್ರವಿಟ್ಟು ಡಾಕ್ಟರು ಎಳೀರಿ ಅಂದಾಗ ಎಳೆಯುವ ಹಾಗೆ, ಎದೆಯೇನೋ ತುಂಬಿತು, ಮೂಗು ಮಾತ್ರ ಕದ ತೆರೆಯಲಿಲ್ಲ, ಆ ಕದಕ್ಕೆ ಅದೆಷ್ಟು ವರ್ಷದ ತುಕ್ಕು, ಎದುರಿಗೆ ಕೂತ ಗಂಡಸು ಹುಬ್ಬೆತ್ತಿ ಕಾಯುತ್ತಿದ್ದಾನೆ, ಬಾಲ್ತಸಾರ್ ಅಂತ ಹೆಸರಂತೆ, ಸೇತುವೆಯಾಚೆ ಮಾಂಟೆವಿಡಿಯೊದ ಒಳ್ಳೆಯ ಕೇರಿಯವನು, ದೊಡ್ಡ ಹೋಟೆಲುಗಳ ಪಡಸಾಲೆಗೆ ಪರಿಮಳ ಕಟ್ಟಿಕೊಡುವುದು ಅವನ ಕಸುಬಂತೆ, ಈಗ ಸೆರ್ರೊ ಗುಡ್ಡದ ಕೆಳಗಿನ ಈ ಹಳೆಯ ಮಾಂಸದ ಕಾರ್ಖಾನೆಯನ್ನು ಮ್ಯೂಸಿಯಂ ಮಾಡುವವರು ನಮಗೆ ಕಾರ್ಖಾನೆಯ ವಾಸನೆ ಕಟ್ಟಿಕೊಡಿ ಅಂದಿದ್ದಾರೆ, ಅವನು ಕಟ್ಟಿ ತಂದಿದ್ದಾನೆ, ನಾಲ್ಕು ಗಾಜಿನ ನಳಿಕೆ, ವೆಲ್ವೆಟ್ ಹೊದಿಸಿದ ಪೆಟ್ಟಿಗೆಯಲ್ಲಿ, ಮದುವೆಯ ಉಂಗುರ ಇಡುವ ಹಾಗೆ, ಇನ್ನು ಇಲ್ಲಿ ದುಡಿದವರ ಮೂಗಿನಿಂದ ಒಂದು ಹೌದು ಬೇಕು, ವಾಸನೆ ಬಂತಾ ದೋನ್ಯಾ ಆಲ್ದೋನಾ, ದೋನ್ಯಾ ಅಂತ ಮರ್ಯಾದೆ ಬೇರೆ, ಏನು ನೆನಪಾಗ್ತಿದೆ, ಆತುರ ಇಲ್ಲ, ನಿಮ್ಮ ಮಾತಲ್ಲೇ ಹೇಳಿ ಅಂದದ್ದು ಅವನಲ್ಲ, ಪಕ್ಕದ ಹುಡುಗಿ, ಹಿಮೇನಾ, ವಿಶ್ವವಿದ್ಯಾಲಯದವಳು, ಮೇಜಿನ ಮೇಲೆ ಸಣ್ಣ ಯಂತ್ರ ಇಟ್ಟು ಮುದುಕರ ಮಾತು ಹಿಡಿದಿಟ್ಟುಕೊಳ್ಳುವವಳು, ಒಳ್ಳೆಯ ಹುಡುಗಿ, ಅಂಗಾಲಿಗೆ ಚಳಿ ಅಂದರೆ ತನ್ನ ಶಾಲು ತೆಗೆದು ಹಾಸಿದವಳು, ಆ ಯಂತ್ರದ ಕೆಂಪು ಚುಕ್ಕೆ ಉರಿಯುತ್ತಿದೆ, ಕಣ್ಣು ಮಿಟುಕಿಸದೆ, ಎಲ್ಲೋ ನೋಡಿದ್ದೇನೆ ಇಂಥ ಕೆಂಪು ಚುಕ್ಕೆ, ಎಲ್ಲಿ, ಶೀತಗೃಹದ ಬಾಗಿಲ ಮೇಲೆ ಒಂದು ದೀಪ, ದೀಪದ ಕೆಳಗೆ ಹೊಸಿಲು, ಹೊಸಿಲಾಚೆ ನೀಲಿ ಚೌಕುಳಿ ಬಟ್ಟೆಯ ಗಂಟು — ಬೇಡ, ಈಗಲೇ ಬೇಡ, ಮೊದಲು ಈ ನಳಿಕೆ, ಇದು ಏನು, ಏನಿರಬಹುದು ಇದರೊಳಗೆ, ಬಲಗಡೆ ಕೂತ ವಾಷಿಂಗ್ಟನ್ ಆಗಲೇ ಮೂಸಿ ಅಯ್ಯೋ ನಮ್ಮ ಸಾರೇ, ಅದೇ ಎಲುಬಿನ ಸಾರೇ ಕಣಯ್ಯಾ, ದೇವರಾಣೆ ಅದೇ ಅಂತ ತೊಡೆ ತಟ್ಟಿಕೊಂಡಿದ್ದಾನೆ, ವಾಷಿಂಗ್ಟನ್ ಅಂತ ಅಪ್ಪ ದೊಡ್ಡ ಹೆಸರಿಟ್ಟ, ಮಗ ಹುಟ್ಟಿದಾಗಿನಿಂದ ಸೇತುವೆ ದಾಟಿದ್ದೇ ಕಡಿಮೆ, ಕಡಿಯುವ ಕಟ್ಟೆಯಲ್ಲಿ ದನದ ಚರ್ಮ ಸುಲಿದು ಬೆನ್ನು ಬಾಗಿಸಿಕೊಂಡವನು, ಅವನು ಹೌದು ಅಂದದ್ದಕ್ಕೆ ತಟ್ಟೆಯಲ್ಲಿರುವ ಬಿಸ್ಕತ್ತೂ ಒಂದು ಕಾರಣ, ಆದರೆ ಅವನು ಹೇಳಿದ್ದು ಅನುಕೂಲವಾಯಿತು, ಸಾರು, ಆಲ್ದೋನಾ ಅಂದಳು, ಸಾರು ಇರಬೇಕು, ಹಿಮೇನಾ ನಕ್ಕಳು, ಬಾಲ್ತಸಾರ್ ಅಂಗೈಗೆ ಅಂಗೈ ಉಜ್ಜಿಕೊಂಡ, ಮೊದಲನೆಯದು ಆಯಿತು.

ಇರಬೇಕು ಅಂದಳಲ್ಲ, ಇದೆ ಅನ್ನಲಿಲ್ಲ, ಅದನ್ನು ಯಾರೂ ಕೇಳಿಸಿಕೊಳ್ಳಲಿಲ್ಲ, ಕೇಳಿಸಿಕೊಳ್ಳಲಿಕ್ಕೆಂದೇ ಬಂದವರೂ ಕೇಳಿಸಿಕೊಳ್ಳಲಿಲ್ಲ, ಮೂಗು ಸತ್ತಿದೆ ಅಂತ ಹೇಳಿಬಿಟ್ಟರೆ, ಹೇಳಿಬಿಟ್ಟರೆ ಏನು, ಅಯ್ಯೋ ಪಾಪ ಅಂದು ಕಾರು ಕರೆಸಿ ಮನೆಗೆ ಕಳಿಸುತ್ತಾರೆ, ಮೂಗಿಲ್ಲದ ಸಾಕ್ಷಿ ಯಾರಿಗೆ ಬೇಕು, ಸತ್ತದ್ದಾದರೂ ಯಾವಾಗ, ಒಂದು ದಿನಕ್ಕೆ ಸತ್ತದ್ದಲ್ಲ ಅದು, ಕರುಳು ತೊಳೆಯುವ ಕೋಣೆಯಲ್ಲಿ ನಿಂತು ನಿಂತು, ಬಿಸಿನೀರಿನ ಹಬೆ, ಉಪ್ಪು, ಬೆರಳ ಸಂದಿಯಲ್ಲಿ ಜಾರುವ ದನದ ಕರುಳು, ಮೊದಮೊದಲು ಊಟ ಸೇರುತ್ತಿರಲಿಲ್ಲ, ಆಮೇಲೆ ಸೇರಿತು, ಆಮೇಲೆ ಊಟದಲ್ಲಿ ರುಚಿ ಹುಡುಕುವುದೇ ಮರೆತುಹೋಯಿತು, ಒಂದು ಸಂಜೆ ಒಲೆಯ ಮೇಲೆ ಹಾಲು ಉಕ್ಕಿ ಸೀದು ತಳ ಹತ್ತಿ ಕರಿ ಹೊಗೆ ಏಳುತ್ತಿದೆ, ಅವಳು ಅಲ್ಲೇ ಮೇಜಿಗೆ ಕೂತು ಅಂಗಿಗೆ ಗುಂಡಿ ಹಾಕುತ್ತಿದ್ದಾಳೆ, ಒಲಿಂಡಾ ಬೀದಿಯಿಂದ ಓಡಿಬಂದು ನಿನಗೇನಾಗಿದೆ ಕಣೇ, ಮನೆಗೆ ಬೆಂಕಿ ಬಿದ್ರೂ ಗುಂಡಿ ಹಾಕ್ತಾ ಕೂತಿರ್ತೀಯಾ ಅಂತ ಪಾತ್ರೆ ಎತ್ತಿ ಅಂಗಳಕ್ಕೆ ಎಸೆದಳು, ಒಲಿಂಡಾ, ಪಕ್ಕದ ಮನೆಯವಳು, ಕರುಳಿನ ಮೇಜಿನಲ್ಲೂ ಪಕ್ಕದವಳು, ಇವಳ ಮೂಗಿನ ಸಂಗತಿ ಗೊತ್ತಿದ್ದವಳು ಅವಳೊಬ್ಬಳೇ, ಗೊತ್ತಾದಾಗ ಅಳಲಿಲ್ಲ, ನಕ್ಕಳು, ಪುಣ್ಯವಂತೆ ಕಣೇ ನೀನು, ಬಸ್ಸಲ್ಲಿ ಆರಾಮಾಗಿ ಕೂತ್ಕೋಬಹುದು ಅಂತ, ಬಸ್ಸು, ಹೌದು, ಭಾನುವಾರ ಸ್ನಾನ ಮಾಡಿ, ತಲೆಗೆ ಎರಡೆರಡು ಸಲ ಸೋಪು ಹಚ್ಚಿ, ಇಸ್ತ್ರಿ ಮಾಡಿದ ಲಂಗ ಉಟ್ಟು ಇಬ್ಬರೂ ನಗರಕ್ಕೆ ಹೊರಟರೆ ಸೇತುವೆ ದಾಟಿದ ಮೇಲೆ ಹತ್ತಿದವರು ಒಬ್ಬೊಬ್ಬರೇ ಎದ್ದು ಮುಂದೆ ಹೋಗುತ್ತಿದ್ದರು, ಕರವಸ್ತ್ರ ಮೂಗಿಗೆ ಹೋಗುತ್ತಿತ್ತು, ಏನೂ ಅನ್ನುತ್ತಿರಲಿಲ್ಲ, ಅಂದಿದ್ದರೆ ತಿರುಗಿ ಅನ್ನಬಹುದಿತ್ತು, ಏನು ವಾಸನೆ ಬರ್ತಿದೆ ನಮ್ಮಿಂದ ಅಂತ ಆಲ್ದೋನಾ ಕೇಳಿದರೆ ಒಲಿಂಡಾ ಕಿಟಕಿಯಾಚೆ ನೋಡುತ್ತಾ ಗುಲಾಬಿ ಕಣೇ, ಇಬ್ಬರೂ ಗುಲಾಬಿ ಅನ್ನುತ್ತಿದ್ದಳು, ಆ ಕರವಸ್ತ್ರದವರ ಮೊಮ್ಮಕ್ಕಳು ಶನಿವಾರ ಇಲ್ಲಿಗೆ ಟಿಕೆಟ್ಟು ಕೊಂಡು ಬರುತ್ತಾರೆ, ಗುಂಡಿ ಒತ್ತಿದರೆ ಗೋಡೆಯಿಂದ ನಮ್ಮ ನಾತ ಬರುತ್ತದಂತೆ, ಹದವಾಗಿ, ಸೋಸಿ, ಕರವಸ್ತ್ರ ಬೇಕಾಗದಷ್ಟು — ಎರಡನೆಯದು ದೋನ್ಯಾ, ಒದ್ದೆ ಉಣ್ಣೆ, ಕಬ್ಬಿಣ, ಸ್ವಲ್ಪ ಹೊಗೆ ಅಂದ ಬಾಲ್ತಸಾರ್, ಏನಿದೆ ಅಂತ ಅವನೇ ಹೇಳಿಬಿಟ್ಟ, ಹಾಗಾದರೆ ಕೇಳುವುದು ಏಕೆ, ಅವಳು ಮೂಗಿಗೆ ಹಿಡಿದಳು, ಗಾಜು, ತಣ್ಣಗೆ, ಹೌದು ಅಂದಳು.

ಹೌದು ಎಷ್ಟು ಸುಲಭ, ಬಾಯಿಂದ ಜಾರಿ ಕೆಂಪು ಚುಕ್ಕೆಯೊಳಗೆ ಬೀಳುತ್ತದೆ, ಆ ಚುಕ್ಕೆಗೆ ತಳ ಇದೆಯೋ ಇಲ್ಲವೋ, ಇವಳೇನು ಸುಳ್ಳು ಹೇಳುತ್ತಿದ್ದಾಳಾ, ವಾಷಿಂಗ್ಟನ್ ಹೌದೆಂದ ಮೇಲೆ ಅದು ಹೌದೇ ಇರಬೇಕು, ಇಲ್ಲವಾ, ಅವನ ಮೂಗಾದರೂ ಬದುಕಿದೆ ಅಂತ ಯಾರಿಗೆ ಗೊತ್ತು, ಕಡಿಯುವ ಕಟ್ಟೆಯಲ್ಲಿ ಯಾರ ಮೂಗು ಬದುಕಿತ್ತು, ಎಲ್ಲರ ಮೂಗೂ ಸತ್ತಿದ್ದು ಎಲ್ಲರೂ ಒಬ್ಬರನ್ನೊಬ್ಬರು ನೋಡಿ ಹೌದು ಹೌದು ಅನ್ನುತ್ತಿದ್ದರೆ — ತಲೆ ಸುತ್ತುತ್ತದೆ, ಮೇಲೆ ನೋಡಿದಳು, ಸೂರಿಗೆ ಬಿಳಿ ಬಣ್ಣ ಬಳಿದಿದ್ದಾರೆ, ಕೊಳವೆಗಳಿಗೂ ಬಿಳಿ, ಹೂವಿನ ಕುಂಡ ನೇತುಹಾಕಿದ್ದಾರೆ ಕೊಳವೆಗಳಿಗೆ, ಚಳಿ ಹುಟ್ಟಿಸುವ ಅಮೋನಿಯಾ ಹರಿಯುತ್ತಿದ್ದ ಕೊಳವೆಗಳು, ಇದು ಶೀತಗೃಹದ ಓಣಿ, ಇಲ್ಲೇ, ಅವಳ ಕುರ್ಚಿ ಇಟ್ಟ ಜಾಗದಲ್ಲೇ, ಅಥವಾ ಇನ್ನೂ ಆಚೆಗೆ, ಗೋಡೆ ಒಡೆದು ಗೋಡೆ ಕಟ್ಟಿದ್ದಾರೆ, ಹೊಸಿಲು ಎಲ್ಲಿತ್ತು, ಮೇಲಿನ ಮಹಡಿಗಳಲ್ಲಿ ಮನೆ ಮಾಡಿ ಮಾರುತ್ತಿದ್ದಾರೆ, ಕೊಲ್ಲಿಯ ನೋಟ ಅಂತ ಹಲಗೆ ಹಾಕಿದ್ದಾರೆ, ಕೊಲ್ಲಿಯನ್ನು ಕೆಂಪಾಗಿಸಿದ್ದು ನಾವು, ನಮ್ಮ ಕಟ್ಟೆಯ ರಕ್ತ ಹರಿದು, ಈಗ ಅದು ನೋಟ, ವಾಷಿಂಗ್ಟನ್‌ನನ್ನು ಅವನ ಬಾಡಿಗೆ ಕೋಣೆಯಿಂದ ಎಬ್ಬಿಸಿದವರೂ ಇವರ ಬಂಧುಗಳೇ ಇರಬೇಕು, ಅವನು ಮಗಳ ಅಡುಗೆಮನೆಯಲ್ಲಿ ಮಲಗುತ್ತಾನೆ, ಇಲ್ಲಿ ಕೂತು ಇನ್ನೊಂದು ಬಿಸ್ಕತ್ತು ತಗೊಳ್ಳಲಾ ಹುಡುಗಿ ಅಂತ ಕೇಳುತ್ತಾನೆ, ತಗೊಳ್ಳಿ ದೋನ್ ವಾಷಿಂಗ್ಟನ್, ಎರಡು ಕಿಲೋ ವಿಷಯ ಹೇಳ್ತಿದ್ರಲ್ಲ ಅನ್ನುತ್ತಾಳೆ ಹಿಮೇನಾ, ಓ ಎರಡು ಕಿಲೋ, ಹೇಳ್ತೀನಿ ಕೇಳು, ದಿನಾ ಕೆಲಸ ಬಿಟ್ಟು ಹೋಗುವಾಗ ಒಬ್ಬೊಬ್ಬರಿಗೂ ಎರಡು ಕಿಲೋ ಮಾಂಸ, ಕೂಲಿಯ ಜೊತೆಗೆ, ಭಿಕ್ಷೆ ಅಲ್ಲ, ಹಕ್ಕು, ಮುಷ್ಕರ ಮಾಡಿ ತಗೊಂಡಿದ್ದು, ಆವತ್ತಿನದು ಆವತ್ತೇ, ಬಿಟ್ಟು ಹೋದ್ರೆ ನಾಳೆ ಕೇಳೋ ಹಾಗಿಲ್ಲ, ಬೀದೀಲಿ ಯಾರ ಕಂಕುಳಲ್ಲಿ ಗಂಟಿದೆಯೋ ಅವನು ಗಂಡಸು, ಹೆಂಗಸರ ಕಂಕುಳಲ್ಲೂ ಇತ್ತಲ್ಲೋ ಮುದಿಯಾ ಅಂದಳು ಆಲ್ದೋನಾ, ಇತ್ತು ಮಾರಾಯ್ತಿ, ನಿಮ್ಮದನ್ನ ನೋಡೇ ನಾವು ಮದುವೆ ಆಗ್ತಿದ್ದದ್ದು ಅಂದ ಅವನು, ಎಲ್ಲರೂ ನಕ್ಕರು, ಅವಳೂ ನಕ್ಕಳು, ನಗುವಾಗ ನೆನಪಾದದ್ದು ಕೆಲಸವಿಲ್ಲದವರ ಬಾಗಿಲಿಗೆ ಆ ಗಂಟಿನಿಂದ ಒಂದು ತುಂಡು ಕೊಯ್ದು ಸದ್ದಿಲ್ಲದೆ ಇಟ್ಟು ಬರುತ್ತಿದ್ದದ್ದು, ಅಮ್ಮ ಲಿಥುವೇನಿಯಾದಿಂದ ಹಡಗು ಹತ್ತಿ ಬಂದವಳು, ಮೊದಲ ಚಳಿಗಾಲ ಅಂಥ ತುಂಡಿನಲ್ಲೇ ಕಳೆದವಳು, ಕೊಟ್ಟವರು ಯಾರೆಂದು ಅವಳಿಗೆ ಕೊನೆಗೂ ತಿಳಿಯಲಿಲ್ಲ, ಗಂಟಿಗೆ ಒಬ್ಬೊಬ್ಬರದು ಒಂದೊಂದು ಬಟ್ಟೆ, ಅದಲುಬದಲಾಗಬಾರದಲ್ಲ, ಅಮ್ಮನದು ಬಿಳಿ, ಆಲ್ದೋನಾಳದು ಹಳದಿ ಗೀರು, ಒಲಿಂಡಾಳದು ನೀಲಿ ಚೌಕುಳಿ, ಅಂಚಿಗೆ ಕೆಂಪು ದಾರದ ಹೊಲಿಗೆ, ಗಂಟಿನ ಮೇಲೆ ಹಿಮ, ಕಲ್ಲುಪ್ಪು ಉದುರಿಸಿದ ಹಾಗೆ — ಮೂರನೆಯದು ಅಂತ ಯಾವಾಗ ಕೊಟ್ಟ, ಕೈಯಲ್ಲಿದೆ, ಕೊಲ್ಲಿಯ ಕೆಸರು, ಲಾರೆಲ್ ಎಲೆ ಅನ್ನುತ್ತಿದ್ದಾನೆ, ಇದಕ್ಕೂ ಹೌದು ಅಂದಳಾ ಅಥವಾ ತಲೆಯಷ್ಟೇ ಆಡಿಸಿದಳಾ, ವಾಷಿಂಗ್ಟನ್ ಮೊಣಕೈಯಲ್ಲಿ ತಿವಿದ, ಬೇಗ ಬೇಗ ಹೇಳೇ, ನನ್ನ ಹಲ್ಲಿನ ಸೆಟ್ಟು ಒಣಗ್ತಿದೆ, ಮಾಟೆ ಕಷಾಯ ಕುಡೀಬೇಕು.

ನಗು ಇನ್ನೂ ಓಣಿಯಲ್ಲಿದೆ, ಬಿಳಿ ಗೋಡೆಗೆ ಬಡಿದು ವಾಪಸು ಬರುತ್ತಿದೆ, ಅಂದೂ ನಕ್ಕಿದ್ದರು, ಕೆಲಸ ಬಿಡುವ ಹೊತ್ತು, ಮೇಲೆ ಕೊಳವೆ ಸಿಳ್ಳೆ ಹಾಕಿತು, ಶುರುವಾಯ್ತು ನೋಡ್ರೇ, ಶೀತಗೃಹಕ್ಕೆ ನೆಗಡಿ ಅಂತ ಯಾರೋ ಅಂದರು, ಆ ಮಾತು ಎಲ್ಲರ ಬಾಯಲ್ಲೂ ಇತ್ತು, ಅಮೋನಿಯಾ ಸೋರಿದಾಗಲೆಲ್ಲ ಅದೇ ಮಾತು, ಸೋರುತ್ತಲೇ ಇತ್ತಲ್ಲ, ಓಡುವವರು ಹೊಸಬರು, ಹಳಬರು ಓಡುವುದಿಲ್ಲ, ತಲೆವಸ್ತ್ರ ನಲ್ಲಿಯಲ್ಲಿ ನೆನೆಸಿ ಮುಖಕ್ಕೆ ಕಟ್ಟಿಕೊಂಡರೆ ಮುಗಿಯಿತು, ಕಣ್ಣು ಕಿರಿದು ಮಾಡಿ ಕೆಲಸ ಮಾಡುವುದು, ಸೆರ್ರೊದವರು ಹಾಗೆ, ಅದನ್ನೊಂದು ಹೆಮ್ಮೆ ಮಾಡಿಕೊಂಡಿದ್ದೆವು, ಎಂಥ ಹೆಮ್ಮೆ ಅದು, ಯಾರು ಕಲಿಸಿದರು ನಮಗೆ ವಿಷಕ್ಕೆ ಹೆದರದಿರುವುದನ್ನು, ಹೆದರಿದ್ದರೆ ಕೊಳವೆ ರಿಪೇರಿ ಮಾಡಬೇಕಾಗುತ್ತಿತ್ತು ಅವರು, ಅಂದು ಕಣ್ಣು ಜಾಸ್ತಿಯೇ ಉರಿಯಿತು, ಹೆಂಗಸರೆಲ್ಲ ಅಂಗಳಕ್ಕೆ ಬಂದು ನಿಂತು ಕಣ್ಣೊರೆಸಿಕೊಳ್ಳುತ್ತಿದ್ದಾರೆ, ಯಾರ ಮನೆ ಸಾವು ರೀ ಅಂತ ಗೇಟಿನವನು ತಮಾಷೆ ಮಾಡುತ್ತಿದ್ದಾನೆ, ಒಲಿಂಡಾ ಕಂಕುಳು ಮುಟ್ಟಿ ನೋಡಿಕೊಂಡಳು, ಅಯ್ಯೋ ನನ್ನ ಗಂಟು, ಶೀತಗೃಹದೊಳಗೆ ಬೆಂಚಿನ ಮೇಲೆ ಬಿಟ್ಟೆ, ಬಿಡೇ ಅಂದಳಾ ಆಲ್ದೋನಾ, ಅನ್ನಲಿಲ್ಲವಾ, ಯಾರೂ ಬಿಡು ಅನ್ನುತ್ತಿರಲಿಲ್ಲ, ಎರಡು ಕಿಲೋ ಯಾರು ಬಿಡುತ್ತಾರೆ, ಆವತ್ತಿನದು ಆವತ್ತೇ, ನನ್ನ ಮಗು ಬಾಗಿಲಲ್ಲಿ ಕಾಯ್ತಿರುತ್ತೆ ಕಣೇ ಅಂದಳು ಒಲಿಂಡಾ, ತಲೆವಸ್ತ್ರ ನೆನೆಸಿದಳು, ನಲ್ಲಿಯಲ್ಲಿ ನೀರು ದಾರದಷ್ಟು, ಮೂಗಿಗೆ ಕಟ್ಟಿಕೊಂಡಳು, ಕಣ್ಣಲ್ಲೇ ನಕ್ಕಳು, ಕಳ್ಳಿ ಹಾಗೆ ಕಾಣ್ತೀನಾ ಅಂತ, ಬಾಗಿಲ ಮೇಲಿನ ಕೆಂಪು ದೀಪ ಉರಿಯುತ್ತಿತ್ತು, ಒಳಗೆ ಹೋದಳು, ಕೊಳವೆ ಒಡೆದ ಸದ್ದು ಆಮೇಲೆ, ಬಿಳಿ ಹೊಗೆ ಆಮೇಲೆ, ಗಂಡಸರು ಚೀಲ ಹೊದ್ದು ನುಗ್ಗುವ ಹೊತ್ತಿಗೆ ಅವಳು ಹೊಸಿಲವರೆಗೂ ಬಂದಿದ್ದಳು, ಮಂಡಿಯೂರಿ ತೆವಳಿ, ಅವಳು ಒಳಗೆ, ಗಂಟು ಹೊರಗೆ, ತಾನು ದಾಟಲಾಗದ್ದಕ್ಕೆ ಗಂಟನ್ನು ದಾಟಿಸಿದ್ದಳು, ಮೂರು ಬೆರಳು ಹೊಸಿಲ ಮೇಲೆ, ನೀಲಿ ಚೌಕುಳಿ, ಹಿಮ, ಅದನ್ನು ಯಾರು ಎತ್ತಿದರು, ಮನೆಗೆ ಯಾರು ತಲುಪಿಸಿದರು, ಒಲಿಂಡಾಳ ತಾಯಿ ಅದನ್ನು ಎಸೆಯಲೊಲ್ಲದೆ ಪಾತ್ರೆಗೆ ಹಾಕಿ ಬೇಯಿಸಲಿಟ್ಟಳು, ಮಗಳು ಕಳಿಸಿದ್ದಾಳೆ ಅಂತ, ಹಬೆ ಎದ್ದಾಗ ಹೆಣದ ಸುತ್ತ ಕೂತವರೆಲ್ಲ ಕಣ್ಣು ಮುಚ್ಚಿಕೊಂಡು ಹೊರಗೆ ಓಡಿದರು, ಮಾಂಸದ ನಾರುನಾರಿಗೂ ಅಮೋನಿಯಾ ಇಳಿದಿತ್ತು, ಬೀದಿಗೆಲ್ಲ ಗೊತ್ತಾಯಿತು, ಬೀದಿಯ ನಾಯಿಗೂ, ಆದರೆ ಕಾರ್ಖಾನೆಗೆ ಮಾತ್ರ ಗೊತ್ತಾಗಲಿಲ್ಲ, ಕಾರ್ಖಾನೆಯ ಡಾಕ್ಟರು ಒಬ್ಬೊಬ್ಬರನ್ನೇ ಕೋಣೆಗೆ ಕರೆಸಿದ, ಕುರ್ಚಿ, ಮೇಜು, ಆಚೆ ಬದಿ ಹುಬ್ಬೆತ್ತಿ ಕೂತ ಗಂಡಸು, ಆತುರ ಇಲ್ಲ, ಸತ್ಯ ಹೇಳು, ವಾಸನೆ ಬಂತಾ ಆಲ್ದೋನಾ, ಇಲ್ಲ ಸೇನ್ಯೋರ್ ನನಗೆ ವಾಸನೆ ಬರಲಿಲ್ಲ, ಸತ್ಯವನ್ನೇ ಹೇಳಿದಳು, ಬಂದಿರಲಿಲ್ಲ, ಬರುವಂತಿರಲಿಲ್ಲ, ಆದರೆ ಕಣ್ಣು ಅನ್ನುವಷ್ಟರಲ್ಲಿ ಸಾಕು ಹೋಗು ಅಂದ, ಬಾಗಿಲು ತೆರೆದಿತ್ತು, ಮುಂದಿನವಳು ನಿಂತಿದ್ದಳು, ಮಾರನೆಯ ದಿನ ಪತ್ರಿಕೆಯಲ್ಲಿ, ಅವಳಿಗೆ ಓದಿ ಹೇಳಿದವನು ಇದೇ ವಾಷಿಂಗ್ಟನ್, ಹೃದಯ ನಿಂತು ಸಾವು, ಪಕ್ಕದಲ್ಲೇ ದುಡಿಯುತ್ತಿದ್ದ ಗೆಳತಿಗೂ ಯಾವ ವಾಸನೆಯೂ ಬಂದಿರಲಿಲ್ಲ — ಸತ್ಯ ಹೇಳಿದ್ದು ಹೇಗೆ ಸುಳ್ಳಾಯಿತು, ಅಂದಿನಿಂದ ಅದನ್ನೇ ತಿರುಗಿಸಿ ಮುರುಗಿಸಿ ನೋಡುತ್ತಿದ್ದಾಳೆ, ಎಲ್ಲಿ ಹೊಲಿಗೆ ಬಿಟ್ಟಿತು, ಅವಳು ಕೇಳಿದ್ದಕ್ಕೆ ಉತ್ತರಿಸಿದಳು, ಅವರು ಕೇಳಬೇಕಾದ್ದನ್ನು ಕೇಳಲಿಲ್ಲ, ಮತ್ತೆ ಇಂದು, ಅದೇ ಪ್ರಶ್ನೆ, ಇಂದು ಸುಳ್ಳು ಹೇಳುತ್ತಿದ್ದಾಳೆ, ಅದು ಶನಿವಾರದಿಂದ ಸತ್ಯವಾಗುತ್ತದೆ, ಗೋಡೆಯ ಮೇಲಿನ ಹಲಗೆಯಲ್ಲಿ ಆಗಲೇ ಅಕ್ಷರ ಕೆತ್ತಿದ್ದಾರೆ, ಒಳಗೆ ಬರುವಾಗ ಹಿಮೇನಾ ಓದಿ ಹೇಳಿದಳು, ಶೀತಗೃಹ, ತನ್ನ ಕಾಲದ ಅದ್ಭುತ, ಅಷ್ಟೇ, ಕೆಳಗೆ ಯಾವ ಹೆಸರೂ ಇಲ್ಲ.

ದೋನ್ಯಾ, ಇದು ಕೊನೇದು, ಇದು ನನ್ನ ಮುದ್ದಿನದು ಅನ್ನುತ್ತಿದ್ದಾನೆ ಬಾಲ್ತಸಾರ್, ನಾಲ್ಕನೆಯ ನಳಿಕೆಯ ಮುಚ್ಚಳ ತಿರುಗಿಸುತ್ತಾ, ಇದು ಈ ಓಣಿಯ ವಾಸನೆ, ಚಳಿ, ಬರೀ ಚಳಿ, ಇದನ್ನ ನೀವು ಒಪ್ಪಿದರೆ ಆಯ್ತು, ನಿಮ್ಮ ದನಿಯಲ್ಲೇ ಹೌದು ಅಂತ ಹಾಕ್ತೀವಿ, ಜನ ಬಾಗಿಲು ದಾಟುವಾಗ ಮೊದಲು ಕೇಳಿಸೋದೇ ಅದು, ಅಂದರೆ ಇವಳ ಹೌದು, ಹೊಸಿಲ ಮೇಲೆ, ದಿನವಿಡೀ, ಒಲಿಂಡಾಳ ಮೂರು ಬೆರಳಿನ ಮೇಲೆ ಇವಳ ಹೌದು ಬೀಳುತ್ತಾ ಇರುತ್ತದೆ, ಅವಳು ನಳಿಕೆ ಹಿಡಿದಳು, ಉಸಿರೆಳೆದಳು — ಮತ್ತು ಏನೋ ಬಂತು, ಬಂತು, ಮೂಗಿನೊಳಗೆ ತಂಪು, ಕದದ ಸಂದಿನಲ್ಲಿ ಗಾಳಿ ತೂರಿದ ಹಾಗೆ, ಸಿಹಿಯಾಗಿ, ನುಣ್ಣಗೆ, ಗಂಟಲಿಗೆ ಇಳಿಯಿತು, ಇಷ್ಟು ವರ್ಷದ ಮೇಲೆ, ಹಾಲು ಸೀದ ಆ ಸಂಜೆಯಿಂದ ಈಚೆಗೆ ಮೊದಲ ಸಲ, ಅವಳಿಗೆ ಅಳು ಬರುವಂತಾಯಿತು, ಸಂತೋಷಕ್ಕೋ ಯಾಕೋ, ಸತ್ತದ್ದು ಸತ್ತಿರಲಿಲ್ಲವೇ ಹಾಗಾದರೆ, ಅವರ ಮುಂದೆ ಹೌದು ಅನ್ನಬಹುದು, ಈ ಸಲ ಸತ್ಯವಾಗಿ, ಬಾಯಿ ತೆರೆದಳು, ಏನು ಹಾಕಿದ್ದೀಯಪ್ಪಾ ಇದರಲ್ಲಿ, ಪುದೀನ ದೋನ್ಯಾ, ಪುದೀನ ಸತ್ವ, ಚಳಿ ಅಂದ್ರೆ ಜನಕ್ಕೆ ಪುದೀನಾನೇ, ವಾಷಿಂಗ್ಟನ್ ಮೂಸಿ ಆಹಾ ಹಲ್ಲುಜ್ಜಿದ ಹಾಗಿದೆ, ಅದೇ ಬರ್ಕೊಳ್ಳಿ, ಅದೇ ಅಂದ, ಆಮೇಲೆ ಅವಳ ಮುಖ ನೋಡಿದ, ನಳಿಕೆ ಅವಳ ಕೈಗೇ ವಾಪಸು ಕೊಟ್ಟ, ಪುದೀನ, ಅವಳು ಇನ್ನೊಮ್ಮೆ ಎಳೆದಳು, ತಂಪು, ವಾಸನೆಯಲ್ಲ, ಚರ್ಮಕ್ಕೆ ತಾಗುವಂಥ ಬರೀ ತಂಪು, ಎಷ್ಟು ಹಿತ, ಮಗುವಿಗೆ ನೆಗಡಿಯಾದಾಗ ಎದೆಗೆ ಹಚ್ಚುವ ಹಾಗೆ, ಶೀತಗೃಹಕ್ಕೆ ನೆಗಡಿ ನೋಡ್ರೇ, ಏನೋ ಇಲ್ಲ, ಏನೋ ಬಿಟ್ಟುಹೋಗಿದೆ, ಬೆಂಚಿನ ಮೇಲೆ ಬಿಟ್ಟು ಬಂದ ಹಾಗೆ, ಏನು, ಕಂಕುಳು ಮುಟ್ಟಿ ನೋಡಿಕೊಂಡಳು, ಯಾಕೆ ಮುಟ್ಟಿದಳು, ಕೆನ್ನೆ ಮುಟ್ಟಿದಳು, ಒಣಗಿದೆ, ಕಣ್ಣ ಕೆಳಗೆ ಒಣಗಿದೆ, ವಾಸನೆ ಬಂತಾ ದೋನ್ಯಾ ಆಲ್ದೋನಾ, ಮೂರೂ ಮುಖಗಳು, ಹುಬ್ಬು, ಬಾಗಿಲು ತೆರೆದಿದೆ, ಮುಂದಿನವಳು ನಿಂತಿದ್ದಾಳೆ, ಇಲ್ಲ, ಈಗ ಯಾರೂ ನಿಂತಿಲ್ಲ, ಮುಂದಿನವಳು ಇಲ್ಲ, ಇವಳೇ ಕೊನೆಯವಳು — ಕಣ್ಣು ಉರೀತಿಲ್ಲ, ಅಂದಳು ಆಲ್ದೋನಾ. ಏನಂದ್ರಿ? ಕಣ್ಣು ಉರೀತಿಲ್ಲ ಮಗಾ, ಇದು ಸುಳ್ಳು, ಮೂಗಿನ ಮಾತು ಬಿಡು, ನನಗೆ ಮೂಗಿಲ್ಲ, ಆಗಲೂ ಇರಲಿಲ್ಲ, ಅವರಿಗೆ ಮೂಗು ಬೇಕಾಗಿತ್ತು, ಕಣ್ಣು ಬೇಕಾಗಿರಲಿಲ್ಲ, ಇಲ್ಲಿ ನಿಂತರೆ ಕಣ್ಣು ಉರಿಯಬೇಕು, ಬಂದವರ ಕಣ್ಣಲ್ಲಿ ನೀರು ಬರಬೇಕು, ಟಿಕೆಟ್ಟು ತಗೊಂಡವರ ಕಣ್ಣಲ್ಲೂ, ಅದನ್ನ ಹಾಕಿ, ಬಾಲ್ತಸಾರ್ ನಕ್ಕ, ಅಯ್ಯೋ ದೋನ್ಯಾ ಹಾಗೆ ಮಾಡಿದ್ರೆ ಯಾರು ಬರ್ತಾರೆ, ಹಿಮೇನಾ ಇದನ್ನ ಅಳಿಸು, ಇನ್ನೊಂದು ಸಲ ತಗೊಳ್ಳೋಣ, ಹಿಮೇನಾಳ ಬೆರಳು ಯಂತ್ರದ ಮೇಲೆ ಹೋಯಿತು, ನಿಂತಿತು, ಒತ್ತಲಿಲ್ಲ ಇನ್ನೂ, ಅಳಿಸಬೇಡ ಹುಡುಗಿ ಅಂದದ್ದು ವಾಷಿಂಗ್ಟನ್, ಬಿಸ್ಕತ್ತು ಕೈಯಲ್ಲೇ ಹಿಡಿದು, ಒಲಿಂಡಾ, ಅಂದ ಸಣ್ಣ ದನಿಯಲ್ಲಿ, ನನಗೂ ಮೂಗಿಲ್ಲ ಕಣೇ, ಅಂದ, ಕೆಂಪು ಚುಕ್ಕೆ ಉರಿಯುತ್ತಿದೆ, ಬರೆದುಕೋ ಮಗಾ ಅಂದಳು ಆಲ್ದೋನಾ, ಒಲಿಂಡಾ ಅಂತ ಅವಳ ಹೆಸರು, ಹೊಸಿಲು ಎಲ್ಲಿತ್ತು ಅಂದರೆ, ಏಳಿ, ಕುರ್ಚಿ ಸರಿಸಿ, ಇಲ್ಲಿ, ಇಲ್ಲಿರಬೇಕು, ಅವಳು ಒಳಗೆ, ಆಮೇಲೆ, ಆಮೇಲೆ ಏನು, ಬಾಯಿ ತೆರೆದೇ ಇದೆ, ಮಾತು ಹೊಸಿಲವರೆಗೆ ಬಂದು ನಿಂತಿದೆ, ದಾಟುತ್ತಿಲ್ಲ, ಮೂರು ಬೆರಳು, ಆಚೆಗೆ ತಳ್ಳಿದ ಗಂಟು, ನೀಲಿ ಚೌಕುಳಿ, ಅಂಚಿಗೆ ಕೆಂಪು ದಾರ, ಗಂಟಿನ ಮೇಲೆ ಹಿಮ, ಕಲ್ಲುಪ್ಪಿನ ಹಾಗೆ, ನೀಲಿ ಚೌಕುಳಿ, ಹಿಮ, ನೀಲಿ —